ಮೂಸಕುಂಞಿಯವರ ಪಾಲಿಗೆ ಬಂದ ದೂರ

ಆ ವರ್ಷ ಮೂರು ತಾಲೂಕಿನ ಅಡಿಕೆಗೂ ಏನೋ ಒಂದು ಕಾಯಿಲೆ ಬಂದಿದೆಯೆಂದು ಮೊತ್ತಮೊದಲು ಕಂಡುಹಿಡಿದವರು ಸವಣೂರು ಪೇಟೆಯ ಅಡಿಕೆ ವ್ಯಾಪಾರಿ ಮೂಸಕುಂಞಿಯವರು. ಪುತ್ತೂರಿನ ಕಡೆಯಿಂದ ಬಂದ ಅಡಿಕೆ ಹಳದಿ. ಸುಳ್ಯದ್ದು ಹಳದಿ. ಕಡಬದ್ದು ಇನ್ನೂ ಒಂದು ಕೈ ಮೇಲೆ. "ಎಲೆಗೆ ಬರುವ ಹಳದಿ ರೋಗ ಈಗ ಅಡಿಕೆಗೆ ಇಳಿದಿದೆ, ನೋಡಿ ಬೇಕಾದ್ರೆ" ಎಂದು ಅವರು ಅಂಗಡಿಗೆ ಬಂದವರಿಗೆಲ್ಲ ಎಚ್ಚರಿಕೆ ಕೊಡತೊಡಗಿದರು. ಅನ್ನವೂ ಹಳದಿಯಾಗಿತ್ತು (ಅನ್ನಕ್ಕೆ ಅರಿಶಿನ ಹಾಕುವ ಹೊಸ ಪದ್ಧತಿ ಯಾವಾಗ ಶುರುವಾದದ್ದೆಂದು ಮನೆಯಲ್ಲಿ ಸಣ್ಣದೊಂದು ವಿಚಾರಣೆಯೂ ನಡೆದಿತ್ತು). ಬಿಳಿ ಅಂಗಿ ಹಳದಿ, ನಮಾಜಿಗೆ ಹೋಗುವ ಪಳ್ಳಿಯ ಗೋಡೆ ಹಳದಿ, ಹಾಲು ಹಳದಿ. ಇಡೀ ಲೋಕ ಹೀಗೆ ಒಟ್ಟಾಗಿ ಕೆಟ್ಟುಹೋದರೂ ತನ್ನ ಕಣ್ಣಿನ ಮೇಲೆ ಮಾತ್ರ ಅವರಿಗೆ ಸಂಶಯ ಬರಲಿಲ್ಲ.

ಬರುವುದಾದರೂ ಹೇಗೆ? ನಲವತ್ತು ವರ್ಷದಿಂದ ಆ ಅಂಗಡಿ ನಿಂತದ್ದೇ ಆ ಕಣ್ಣಿನ ಮೇಲೆ. ಅಡಿಕೆಯಲ್ಲಿ ಹೊಸದು, ಹಳೆಯದು ಎಂದು ಎರಡು ಬಗೆ. ಈ ವರ್ಷ ಒಣಗಿಸಿ ಸುಲಿದದ್ದು ಹೊಸದು, ಬೆಳ್ಳಗಿರುತ್ತದೆ. ಒಂದೆರಡು ವರ್ಷ ಕಟ್ಟಿ ಇಟ್ಟದ್ದು ಬಣ್ಣ ತಿರುಗಿ ಹಳೆಯದೆನಿಸುತ್ತದೆ, ಅದಕ್ಕೆ ಬೆಲೆ ಜಾಸ್ತಿ (ಹಳೆಯದಾದಷ್ಟೂ ಬೆಲೆ ಏರುವ ಈ ಏರ್ಪಾಡು ಮನುಷ್ಯರಲ್ಲಿ ಯಾಕಿಲ್ಲವೆಂಬುದು ಮೂಸಕುಂಞಿಯವರ ಬಹುಕಾಲದ ದೂರು). ಗೋಣಿ ಬಿಚ್ಚಿದ ಕೂಡಲೇ ಅವರು ಒಂದು ಹಿಡಿ ತೆಗೆದು, ಅಂಗೈ ಮೇಲೆ ಹರಡಿ, ಮುಖದ ಹತ್ತಿರ ಹಿಡಿದು ಅರೆಗಳಿಗೆ ನೋಡುವರು. "ಹಳೇದು" ಎಂದರೆ ಹಳೆಯದು. "ಹೊಸದು" ಎಂದರೆ ಹೊಸದು. ಆಮೇಲೆ ಅಲ್ಲಿ ಬೇರೆ ಮಾತಿಲ್ಲ. ತೂಗುವುದು, ಬಿಲ್ಲು ಬರೆಯುವುದು, ಫೋನು ಎತ್ತುವುದು ಇತ್ಯಾದಿ ಕ್ಷುಲ್ಲಕ ಕಾರ್ಯಗಳನ್ನೆಲ್ಲ ಮಗ ಸಾಬಿತ್‌ಗೆ ಬಿಟ್ಟುಕೊಟ್ಟು, ಕೊನೆಯ ಮಾತೊಂದನ್ನು ಮಾತ್ರ ಅವರು ತನಗೆಂದು ಇಟ್ಟುಕೊಂಡಿದ್ದರು.

ಆ ಸಲ ಅಂಗಡಿಗೆ ಜನ ಏರುತ್ತಲೇ ಹೋದರು. ರಾಮಕುಂಜದಿಂದ ಬಂದರು. ಜಾಲ್ಸೂರಿನಿಂದ ಕೂಡ ಜೀಪು ಮಾಡಿಕೊಂಡು ಬಂದರು. ತನ್ನ ಹೆಸರು ಹಬ್ಬುತ್ತಾ ಉಂಟೆಂದು ಮೂಸಕುಂಞಿಯವರು ತಿಳಿದರು. ಹಬ್ಬಿದ್ದು ನಿಜವೇ. ಹೊಸ ಅಡಿಕೆಗೆ ಹಳೆಯ ಅಡಿಕೆಯ ರೇಟು ಕೊಡುವ ಪುಣ್ಯಾತ್ಮನೊಬ್ಬ ಸವಣೂರಿನಲ್ಲಿದ್ದಾನೆಂದು ಹಬ್ಬಿತ್ತು.

ಈ ಪುಣ್ಯಕಾರ್ಯಕ್ಕೆ ತಡೆ ಬಂದದ್ದು ರಾಮಕುಂಜದ ಕೃಷಿಕ ತೀರ್ಥರಾಮ ಗೌಡರ ಪ್ರಾಮಾಣಿಕತೆಯಿಂದ. ಅವರ ಗೋಣಿಯಿಂದ ಹಿಡಿ ಅಡಿಕೆ ತೆಗೆದು ಮೂಸಕುಂಞಿ "ಹಳೇದು, ಒಳ್ಳೇ ಹಳೇದು" ಎಂದು ಸಾರಿದಾಗ ಆ ಮನುಷ್ಯನಿಗೆ ತಡೆಯಲಾಗಲಿಲ್ಲ.

"ಮೂಸಾಕ, ಇದು ಮೊನ್ನೆ ಆದಿತ್ಯವಾರ ಸುಲಿದದ್ದು ಮಾರಾಯ್ರೆ. ನನ್ನ ಎದುರೇ ಸುಲಿದದ್ದು. ಇದೇ ಹಳೇದಾದ್ರೆ ನಾನು ಎಂತ ಆಗ್ಬೇಕು?"

ಅಂಗಡಿಯಲ್ಲಿ ಆಗ ಆರು ಜನ ಇದ್ದರು. ಆರರಲ್ಲಿ ಒಬ್ಬನೂ ನಗಲಿಲ್ಲ, ಅದೇ ದೊಡ್ಡ ಪೆಟ್ಟು. ಮರುದಿನದಿಂದ ಮೂಸಕುಂಞಿಯವರ ತೀರ್ಪು ಹೊರಬಿದ್ದ ಕೂಡಲೇ ಜನರ ಕಣ್ಣುಗಳು ಒಮ್ಮೆ ಸಾಬಿತ್‌ನ ಕಡೆಗೆ ಹೋಗಿ ಬರತೊಡಗಿದವು. ಅವನು ಸಣ್ಣಗೆ ತಲೆಯಾಡಿಸಿದರೆ ಮಾತ್ರ ಗೋಣಿ ತಕ್ಕಡಿಗೆ ಏರುತ್ತಿತ್ತು. ಕೊನೆಯ ಮಾತು ತನ್ನ ಬಾಯಿಂದ ಜಾರಿ ಮಗನ ಕುತ್ತಿಗೆಯಲ್ಲಿ ಹೋಗಿ ಕೂತದ್ದನ್ನು ಕಂಡು ಮೂಸಕುಂಞಿಯವರಿಗೆ ಊಟ ಸೇರದಾಯಿತು.

"ಉಪ್ಪ, ಒಮ್ಮೆ ಪುತ್ತೂರಿಗೆ ಹೋಗಿ ಕಣ್ಣು ತೋರಿಸುವ" ಎಂದ ಸಾಬಿತ್.

"ನನ್ನ ಕಣ್ಣಿಗೆ ಎಂತ ಆಗಿದೆ? ಆದದ್ದು ಅಡಿಕೆಗೆ."

"ಹಾಗಾದ್ರೆ ಮೊನ್ನೆ ಕಡಬಕ್ಕೇಂತ ಹೊರಟವರು ಬೆಳ್ಳಾರೆಯಲ್ಲಿ ಇಳಿದದ್ದು ಯಾಕೆ?" ಅಂಗಡಿಯ ಹಿಂದೆಯೇ ಮನೆಯಾದ್ದರಿಂದ ಹೆಂಡತಿ ಕುಂಞಿಪಾತುಮ್ಮನ ಧ್ವನಿ ಗೋಡೆ ದಾಟಿ ಬಂತು. "ಬಸ್ಸಿಗೂ ಹಳದಿ ರೋಗವಾ?"

ಬಸ್ಸಿನ ವಿಷಯ ಬೇರೆಯೇ. ಮೂಸಕುಂಞಿಯವರಿಗೆ ಸಣ್ಣಂದಿನಿಂದಲೂ ಹತ್ತಿರದ್ದು ಲಕಲಕ, ದೂರದ್ದು ಮಸುಕು. ಕನ್ನಡಕ ಇಟ್ಟುಕೊಂಡರೆ ಮುಗಿಯುತ್ತಿತ್ತು. ಆದರೆ ಕನ್ನಡಕ ಇಟ್ಟು ಅಡಿಕೆ ನೋಡುವುದೆಂದರೆ ಚಮಚದಲ್ಲಿ ಬಿರಿಯಾನಿ ತಿಂದ ಹಾಗೆ ಎಂಬುದು ಅವರ ಸಿದ್ಧಾಂತ. ಹಾಗಾಗಿ ಅರುವತ್ತನಾಲ್ಕು ವರ್ಷ, ರಸ್ತೆಯ ಆಚೆ ಬದಿಯಲ್ಲಿ ಹೋಗುವವರು ಯಾರೆಂದು ತಿಳಿಯದೆ, ಯಾವುದಕ್ಕೂ ಇರಲಿ ಎಂದು ಎಲ್ಲರಿಗೂ ಕೈಯೆತ್ತಿ ಸಲಾಂ ಮಾಡುತ್ತ ಬಂದಿದ್ದರು. ಬಹಳ ವಿನಯದ ಮನುಷ್ಯ ಎಂದು ಊರಿನಲ್ಲಿ ಹೆಸರಾಗಿತ್ತು.

ಅಂತೂ ಒಂದು ಮಂಗಳವಾರ ಪುತ್ತೂರಿನ ಕಣ್ಣಿನ ಆಸ್ಪತ್ರೆಗೆ ಸವಾರಿ ಹೊರಟಿತು. ಮುಂದೆ ಮೂಸಕುಂಞಿ, ಹಿಂದೆ ಸಾಬಿತ್, ಕೊನೆಗೆ ಹಳೆಯ ಚೀಟಿಗಳ ಚೀಲ ಹಿಡಿದುಕೊಂಡು ಕುಂಞಿಪಾತುಮ್ಮ. ಡಾಕ್ಟ್ರಮ್ಮ ದೀಪ ಬಿಟ್ಟು ನೋಡಿ, ಎರಡು ಕಣ್ಣಿನಲ್ಲೂ ಪೊರೆ ಬಂದಿದೆ, ಲೋಕ ಹಳದಿಯಾಗಿ ಕಾಣುವುದು ಅದರಿಂದಲೇ ಎಂದರು. ಅಡಿಕೆ ನಿರಪರಾಧಿಯೆಂದು ತಿಳಿದು ಮೂಸಕುಂಞಿಯವರಿಗೆ ಒಂದು ಕ್ಷಣ ಬೇಸರವೇ ಆಯಿತು. ಅಷ್ಟರಲ್ಲಿ ಕುಂಞಿಪಾತುಮ್ಮ ಸ್ಟೂಲು ಕಾಣದೆ ಎಡವಿದ್ದರಿಂದ ಅವರ ಕಣ್ಣಿಗೂ ದೀಪ ಬಿತ್ತು.

"ಇವರದ್ದು ನಿಮಗಿಂತ ಹೆಚ್ಚು ಬಲಿತಿದೆಯಲ್ಲ!" ಎಂದರು ಡಾಕ್ಟ್ರಮ್ಮ. ಜೊತೆಗೆ ಬಂದವಳಿಗೆ ಇದರಲ್ಲೂ ಮುಂದೆ ಇರಬೇಕೇ ಎಂದು ಮೂಸಕುಂಞಿ ಹೆಂಡತಿಯನ್ನು ದುರುಗುಟ್ಟಿದರು. ಪೊರೆಯ ಮೂಲಕ ದುರುಗುಟ್ಟಿದ್ದು ಪೊರೆಯ ಆಚೆ ಇದ್ದವರಿಗೆ ತಲುಪಲಿಲ್ಲ.

"ಪೊರೆ ತೆಗೆದು ಒಳಗೆ ಹೊಸ ಲೆನ್ಸ್ ಇಡುದು" ಎಂದು ಡಾಕ್ಟ್ರಮ್ಮ ಶುರು ಮಾಡಿದರು. "ಅದರಲ್ಲಿ ಎರಡು ಮೂರು ಬಗೆ ಉಂಟು."

ಬಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ಮೂಸಕುಂಞಿಯವರು ಕುರ್ಚಿಯಲ್ಲಿ ನೆಟ್ಟಗಾದರು. ಇದು ಅವರ ಕ್ಷೇತ್ರ. "ಸ್ಯಾಂಪಲ್ ಉಂಟಾ?"

ಡಾಕ್ಟ್ರಮ್ಮ ನಗುತ್ತಾ ಮಾದರಿಗೆಂದು ಇಟ್ಟಿದ್ದ ಎರಡನ್ನು ಸಣ್ಣ ಡಬ್ಬಿಯಿಂದ ತೆಗೆದು ಕೊಟ್ಟರು. ಮೂಸಕುಂಞಿ ಅವನ್ನು ಅಂಗೈ ಮೇಲೆ ಹರಡಿದರು, ಬೆಳಕಿಗೆ ಹಿಡಿದರು, ಉಗುರಿನಿಂದ ತಟ್ಟಿದರು, ಮೂಸಿದರು. ಹಲ್ಲಿನ ಮಧ್ಯೆ ಇಟ್ಟು ನೋಡುವ ಆಲೋಚನೆಯೂ ಇದ್ದಂತಿತ್ತು, ಸಾಬಿತ್ ಕೈ ಹಿಡಿದ.

"ಒಂದನೇ ನಂಬ್ರದ್ದೇ ಹಾಕಿ" ಎಂದು ಅವರು ಅಪ್ಪಣೆ ಕೊಟ್ಟರು. "ಜಾಸ್ತಿ ರೇಟಿಂದು ಯಾವುದು?"

"ಹತ್ತಿರವೂ ದೂರವೂ ಎರಡೂ ಕಾಣುವಂಥದ್ದು ಉಂಟು, ಅದಕ್ಕೆ ಜಾಸ್ತಿ. ಆದ್ರೆ ನಿಮಗೆ ಅದು ಬೇಡ. ನಿಮಗಿಬ್ಬರಿಗೂ ಸಕ್ಕರೆ ಕಾಯಿಲೆ ಉಂಟು, ಕಣ್ಣಿನ ಹಿಂದಿನ ಪರದೆಗೆ ಸ್ವಲ್ಪ ತಾಗಿದೆ. ಸಾದಾ ಲೆನ್ಸೇ ಒಳ್ಳೆಯದು. ಅದಕ್ಕೆ ರೇಟೂ ಕಮ್ಮಿ."

ಮೂಸಕುಂಞಿಯವರು ಬೆಪ್ಪಾದರು. ಜಾಸ್ತಿ ಬೆಲೆಯದ್ದು ಬೇಡ, ಕಮ್ಮಿಯದ್ದು ತೆಗೆದುಕೊಳ್ಳಿ ಎಂದು ಹೇಳುವ ವ್ಯಾಪಾರಿಯನ್ನು ಅವರು ಇಹದಲ್ಲಿ ಕಂಡಿರಲಿಲ್ಲ. ಇದರ ಹಿಂದೆ ಏನೋ ದೊಡ್ಡ ಮಸಲತ್ತು ಇದೆಯೆಂದು ತೋರಿ, "ನಾನು ಎಂತ ತೆಗೊಂಡ್ರೂ ಒಂದನೇ ನಂಬ್ರದ್ದೇ ತೆಗೊಳ್ಳುದು" ಎಂದು ಇನ್ನೊಂದು ಸಲ ಒತ್ತಾಯಿಸಿ ನೋಡಿದರು. ಡಾಕ್ಟ್ರಮ್ಮ ಜಗ್ಗಲಿಲ್ಲ. ವಿಷಯ ಇಷ್ಟೇ: ಸಾದಾ ಲೆನ್ಸಿನಲ್ಲಿ ಒಂದು ಅಂತರ ಮಾತ್ರ ಚೆನ್ನಾಗಿ ಕಾಣುತ್ತದೆ, ಅದು ಹತ್ತಿರವೋ ದೂರವೋ ಎಂದು ಮೊದಲೇ ಹೇಳಬೇಕು. ಇನ್ನೊಂದಕ್ಕೆ ಕನ್ನಡಕ.

"ದೂರ" ಎಂದರು ಮೂಸಕುಂಞಿ, ಉಸಿರು ಬಿಡದೆ.

"ಆಲೋಚನೆ ಮಾಡಿ ಹೇಳಿ. ನಿಮಗೆ ಇಷ್ಟು ವರ್ಷ ಹತ್ತಿರದ್ದು ಕನ್ನಡಕ ಇಲ್ಲದೆ ಕಾಣ್ತಾ ಇತ್ತು. ದೂರಕ್ಕೆ ಹಾಕಿದ್ರೆ ಅದು ಹೋಗ್ತದೆ."

"ಹತ್ತಿರದ್ದು ಎಲ್ಲಿಗೆ ಹೋಗುದು ಡಾಕ್ಟ್ರಮ್ಮ? ಅದು ಹತ್ತಿರವೇ ಇರ್ತದಲ್ಲ?"

"ನಿಮಗೆ ಹತ್ತಿರದಿಂದ ನೋಡಿ ಮಾಡುವ ಕೆಲಸ ಎಂತದಾದ್ರೂ ಉಂಟಾ?"

"ಹಾಗೆ ಕೆಲಸಾಂತ ಎಂತದೂ ಇಲ್ಲ. ಕುರ್ಚಿಯಲ್ಲಿ ಕೂತು ತೀರ್ಮಾನ ಹೇಳುದು."

ಸಾಬಿತ್ ಬಾಯಿ ತೆರೆದ. ಅಪ್ಪ ಕೈಯೆತ್ತಿದರು. ಬಾಯಿ ಮುಚ್ಚಿತು. ಕೆಲವರಿಗೆ ಒಂದು ಕಣ್ಣಿಗೆ ದೂರದ್ದು, ಇನ್ನೊಂದಕ್ಕೆ ಹತ್ತಿರದ್ದು ಹಾಕುವುದೂ ಉಂಟು, ನಿಮಗೆ ಅದನ್ನು ಸಲಹೆ ಮಾಡುವುದಿಲ್ಲ ಎಂದು ಡಾಕ್ಟ್ರಮ್ಮ ಹೇಳುತ್ತಿದ್ದ ಹಾಗೆಯೇ ಮೂಸಕುಂಞಿಯವರ ತಲೆಯೊಳಗೆ ಜ್ಞಾನೋದಯವಾಯಿತು.

"ಒಬ್ಬನ ಎರಡು ಕಣ್ಣು ಪಾಲು ಮಾಡುದು ಯಾಕೆ? ಒಂದು ಮನೆಗೆ ನಾಲ್ಕು ಕಣ್ಣು ಉಂಟಲ್ಲ! ನನಗೆ ಎರಡೂ ದೂರದ್ದು ಹಾಕಿ. ಇವಳಿಗೆ ಎರಡೂ ಹತ್ತಿರದ್ದು. ಮನೆಗೆ ಎರಡೂ ಆಯಿತು, ಕನ್ನಡಕವೂ ಬೇಡ."

ಡಾಕ್ಟ್ರಮ್ಮ ಒಂದು ನಿಮಿಷ ನಕ್ಕು, ಮತ್ತೆ ಗಂಭೀರವಾಗಿ ಕುಂಞಿಪಾತುಮ್ಮನ ಕಡೆ ತಿರುಗಿದರು. "ಅವರು ಹೇಳಿದ್ದು ಬಿಡಿ. ಕಣ್ಣು ನಿಮ್ಮದು. ನಿಮಗೆ ಯಾವುದು ಬೇಕು?"

"ನನಗೆ ಹತ್ತಿರದ್ದೇ ಇರ್ಲಿ" ಎಂದರು ಕುಂಞಿಪಾತುಮ್ಮ.

"ದೂರಕ್ಕೆ ಕನ್ನಡಕ ಬೇಕಾದೀತು."

"ಇಡುವ. ದೂರದಲ್ಲಿ ನನಗೆ ನೋಡ್ಲಿಕ್ಕೆ ಎಂತ ಉಂಟು? ಇವರು ಬರುದಾ? ಇವರಿಗಿಂತ ಮೊದಲು ಇವರ ಕೆಮ್ಮು ಬರ್ತದೆ."

ನಲವತ್ತು ವರ್ಷದ ಸಂಸಾರದಲ್ಲಿ ಕುಂಞಿಪಾತುಮ್ಮ ಯಾವುದಕ್ಕೂ ಇಷ್ಟು ಬೇಗ ಒಪ್ಪಿದ್ದಿಲ್ಲ. ಮೂಸಕುಂಞಿಯವರು ಅದನ್ನು ತನ್ನ ನಾಯಕತ್ವದ ಫಲವೆಂದು ಭಾವಿಸಿದರು. ಬರುವ ದಾರಿಯಲ್ಲಿ ಕಾರಿನಲ್ಲೇ ಆಸ್ತಿ ವಿಭಾಗದ ಗತ್ತಿನಲ್ಲಿ ಪಾಲು ಓದಿ ಹೇಳಿದರು. ರಸ್ತೆ, ಬಸ್ಸಿನ ಬೋರ್ಡು, ಪಳ್ಳಿಯ ಮಿನಾರು, ತೆಂಗಿನ ತುದಿ, ಪೆರ್ನಾಳ್ ಹಬ್ಬದ ಚಂದ್ರ, ಬರುವವರು, ಹೋಗುವವರು, ಇವೆಲ್ಲ ಗಂಡನ ಪಾಲಿಗೆ. ಅಕ್ಕಿಯ ಕಲ್ಲು, ಸೂಜಿಯ ಕಣ್ಣು, ಮೀನಿನ ಮುಳ್ಳು, ಮಾತ್ರೆಯ ಚೀಟಿ ಹೆಂಡತಿಗೆ.

"ನಿನಗೆ ಸ್ವಲ್ಪ ಕಮ್ಮಿಯಾಯಿತಾಂತ" ಎಂದು ಕೊನೆಗೆ ಉದಾರವಾಗಿ ಕೇಳಿದರು.

"ಸಾಕು, ಸಾಕು" ಎಂದರು ಕುಂಞಿಪಾತುಮ್ಮ.

ಎರಡು ತಿಂಗಳೊಳಗೆ ಒಂದೊಂದಾಗಿ ನಾಲ್ಕು ಕಣ್ಣುಗಳೂ ಹೊಸತಾದವು. ಗಂಡ ಹೆಂಡತಿ ಒಬ್ಬರ ಕಣ್ಣಿಗೊಬ್ಬರು ಮದ್ದು ಬಿಡುವುದೆಂದು ಏರ್ಪಾಡಾಗಿತ್ತು. ಮೂಸಕುಂಞಿ ಬಿಟ್ಟ ಮದ್ದಿನಿಂದ ಕುಂಞಿಪಾತುಮ್ಮನ ಕೆನ್ನೆಗೆ ಬಹಳ ಉಪಕಾರವಾದ್ದರಿಂದ ಆ ಕೆಲಸವನ್ನು ಸೊಸೆ ಮುಹ್ಸಿನಾ ವಹಿಸಿಕೊಂಡಳು.

ಕಟ್ಟು ಬಿಚ್ಚಿದ ಮೂಸಕುಂಞಿಯವರಿಗೆ ಲೋಕ ಬೆಳ್ಳಗೆ ಕಂಡಿತು. ಅನ್ನ ಬಿಳಿ, ಅಂಗಿ ಬಿಳಿ. ಅರ್ಧ ಫರ್ಲಾಂಗು ಆಚೆಯ ತಿರುವಿನಲ್ಲಿ ಬಸ್ಸು ಕಂಡದ್ದೇ "ಕಡಬ! ಸುಳ್ಯ! ಇದು ಪುತ್ತೂರು, ರಶ್ಶು ಉಂಟು!" ಎಂದು ಜಗಲಿಯಿಂದಲೇ ಕೂಗತೊಡಗಿದರು. ಕಂಡಕ್ಟರುಗಳು ಕೂಡ ಅಷ್ಟು ಉತ್ಸಾಹದಿಂದ ಕೂಗಿದ್ದಿಲ್ಲ. ಇಷ್ಟು ವರ್ಷ ತಾನು ಸಲಾಂ ಮಾಡುತ್ತಿದ್ದವರಲ್ಲಿ ಒಂದು ಕರೆಂಟು ಕಂಬವೂ ಇತ್ತೆಂದು ತಿಳಿದದ್ದು ಆಗಲೇ. ಅದನ್ನು ಅವರು ಯಾರಿಗೂ ಹೇಳಲಿಲ್ಲ.

ಅಂಗಡಿಗೆ ಹೋಗುವ ದಿನ ಬಿಳಿ ಅಂಗಿ ಹಾಕಿ, ಅತ್ತರು ಪೂಸಿ, ಕುರ್ಚಿಯನ್ನು ಬಾಗಿಲಿನ ನಡುವಿಗೆ ಎಳೆಸಿ ಕೂತರು. ಡಾಕ್ಟ್ರಮ್ಮ ಬರೆದುಕೊಟ್ಟ ಓದುವ ಕನ್ನಡಕ ಮಾಡಿಸುವ ವಿಷಯ ಸಾಬಿತ್ ಎತ್ತಿದ್ದಕ್ಕೆ, "ನಾನು ಎಂತ ಪರೀಕ್ಷೆಗೆ ಓದ್ಲಿಕ್ಕುಂಟಾ?" ಎಂದು ಗದರಿಸಿದ್ದರು. ಮೊದಲನೆಯದಾಗಿ ಬಂದವರು ತೀರ್ಥರಾಮ ಗೌಡರೇ, ಎರಡು ಗೋಣಿ ಸಮೇತ.

"ನಿಮ್ಮ ಜೀಪು ತಿರುವಿನಲ್ಲಿ ಇರುವಾಗಲೇ ಕಂಡೆ" ಎಂದರು ಮೂಸಕುಂಞಿ. "ಎದುರಿನ ಬಲದ ಟಯರಿಗೆ ಗಾಳಿ ಕಮ್ಮಿ ಉಂಟು."

ಗೌಡರು ತಿರುಗಿ ನೋಡಿದರು. ನಿಜವಾಗಿಯೂ ಕಮ್ಮಿ ಇತ್ತು. ಅಂಗಡಿಯಲ್ಲಿ ಮೆಚ್ಚುಗೆಯ ಗುಸುಗುಸು ಎದ್ದಿತು. ಆ ಗುಸುಗುಸಿನ ನಡುವೆ ಮೂಸಕುಂಞಿಯವರು ಗೋಣಿಯಿಂದ ಹಿಡಿ ತುಂಬ ಅಡಿಕೆ ತೆಗೆದು, ಅಂಗೈ ಮೇಲೆ ಹರಡಿ, ಹಳೆಯ ಅಭ್ಯಾಸದಂತೆ ಮುಖದ ಹತ್ತಿರ ತಂದರು.

ಅಂಗೈಯಲ್ಲಿ ಅಡಿಕೆ ಇರಲಿಲ್ಲ. ಗಂಜಿಯಂಥ ಏನೋ ಒಂದಿತ್ತು.

ಕೈಯನ್ನು ಸ್ವಲ್ಪ ದೂರ ಮಾಡಿದರು. ಇನ್ನೂ ಸ್ವಲ್ಪ. ಕೈಯ ಉದ್ದವೇ ಮುಗಿಯಿತು, ಅಡಿಕೆ ಸ್ಪಷ್ಟವಾಗಲಿಲ್ಲ. ಒಂದನ್ನು ಮೇಜಿನ ಮೇಲಿಟ್ಟು, ಏನೋ ಆಲೋಚಿಸುವವರ ಹಾಗೆ ಬೆನ್ನಿಗೆ ಕೈಕಟ್ಟಿ ನಾಲ್ಕು ಹೆಜ್ಜೆ ಹಿಂದೆ ನಡೆದರು. ಈಗ ಅಡಿಕೆ ಸ್ಪಷ್ಟವಾಯಿತು, ಆದರೆ ಕಡಲೆಯಷ್ಟಾಯಿತು. ಅದರ ಪ್ರಾಯ ತಿಳಿಯುವುದು ಅಲ್ಲಿಂದ ಸಾಧ್ಯವಿರಲಿಲ್ಲ. ಗೌಡರು ಕಾಯುತ್ತಿದ್ದರು. ಉಳಿದವರೂ 'ಹೊಸ ಕಣ್ಣಿನ ಮೊದಲ ತೀರ್ಪು' ಕೇಳಲು ಕಾಯುತ್ತಿದ್ದರು. ಎಲ್ಲಕ್ಕಿಂತ ಕಷ್ಟವೆಂದರೆ, ಸಾಬಿತ್ ಕುತ್ತಿಗೆ ಸಡಿಲ ಮಾಡಿಕೊಳ್ಳುತ್ತಿದ್ದ.

"ಒಂದು ಚಾ ಕುಡಿದು ಬಂದು ಹೇಳ್ತೇನೆ" ಎಂದು ಮೂಸಕುಂಞಿಯವರು ಹಿಡಿ ಅಡಿಕೆ ಮುಷ್ಟಿಯಲ್ಲೇ ಇಟ್ಟುಕೊಂಡು ಹಿಂದಿನ ಬಾಗಿಲಿನಿಂದ ಮನೆಗೆ ನುಸುಳಿದರು.

ಕುಂಞಿಪಾತುಮ್ಮ ಅಡಿಗೆಮನೆಯ ಮೆಟ್ಟಿಲಲ್ಲಿ ಕೂತು ಬೂತಾಯಿ ಮೀನು ಕೊಯ್ದು ಶುಚಿ ಮಾಡುತ್ತಿದ್ದರು. ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಗಂಡನ ಮುಷ್ಟಿಯೊಳಗಿದ್ದದ್ದನ್ನು ಮಡಿಲಿಗೆ ಹಾಕಿಕೊಂಡರು.

"ಇದು ಹಳೇದು. ಇದೂ ಹಳೇದು. ಇದು ಹೊಸದು, ಕಲಸಿದ್ದಾರೆ. ಇದಕ್ಕೆ ಹುಳ ಹೊಕ್ಕಿದೆ, ಈ ಬದಿಯಿಂದ. ಇದು ಮಳೆಗೆ ಸಿಕ್ಕಿದ್ದು, ಮತ್ತೆ ಒಣಗಿಸಿದ್ದು."

ಮೂಸಕುಂಞಿ ಬಾಯಿ ಬಿಟ್ಟುಕೊಂಡು ನಿಂತರು. "ನಿನಗೆ ಹೇಗೆ ಗೊತ್ತು?"

"ಮದುವೆಯಾಗಿ ಬಂದ ಮೇಲೆ ಹದಿನೈದು ವರ್ಷ ನಿಮ್ಮ ಅಡಿಕೆ ಹೆಕ್ಕಿದ್ದು ಯಾರು?" ಕುಂಞಿಪಾತುಮ್ಮ ತಲೆಯೆತ್ತದೆ ಕೇಳಿದರು. "ನಾವು ನಾಲ್ಕು ಜನ ಹೆಂಗಸರು ಒಳಗೆ ಕೂತು ಬಗೆಬಗೆ ಬೇರೆ ಮಾಡುದು. ನೀವು ಬಂದು ರಾಶಿ ನೋಡಿ ಹೆಸರು ಹೇಳುದು."

ಅದು ನಿಜವೆಂದು ಮೂಸಕುಂಞಿಯವರಿಗೆ ನೆನಪಾಯಿತು. ರಾಶಿಗಳು ತಾವಾಗಿಯೇ ಬೇರೆಯಾಗುತ್ತಿದ್ದವೆಂದು ಇಷ್ಟು ವರ್ಷ ಒಂದು ಅಂದಾಜು ಇತ್ತು. ಈಗ ಅದರ ಚರ್ಚೆಗೆ ಹೊತ್ತಿರಲಿಲ್ಲ. ಅಂಗಡಿಗೆ ಮರಳಿ, ಕುರ್ಚಿಯಲ್ಲಿ ಕೂತು, ಕಣ್ಣು ಅರ್ಧ ಮುಚ್ಚಿ, ಕೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದರು.

ತೀರ್ಥರಾಮ ಗೌಡರು ಎದೆ ಮುಟ್ಟಿಕೊಂಡರು. "ಅಬ್ಬಾ! ಗೋಣಿ ತುಂಬಲಿಲ್ಲಾಂತ ಮನೆಯವರು ಮೇಲಿಂದ ಸ್ವಲ್ಪ ಹೊಸದು ಹಾಕಿದ್ದು ಹೌದು ಮಾರಾಯ್ರೆ. ಕಣ್ಣೂಂದ್ರೆ ಇದು!"

ಯಾರೂ ಸಾಬಿತ್‌ನ ಕಡೆ ನೋಡಲಿಲ್ಲ. ಕೊನೆಯ ಮಾತು ಮರಳಿ ಮನೆಗೆ ಬಂದಿತ್ತು. (ಯಾರ ಬಾಯಿಗೆ ಎಂಬುದು ಸಣ್ಣ ವಿಷಯ.)

ಆಮೇಲೆ ಗೋಣಿಗೊಂದು ಚಾ ಆಯಿತು. ದಿನಕ್ಕೆ ಒಂಬತ್ತು, ಹತ್ತು, ಸೋಮವಾರ ಸಂತೆಯ ದಿನ ಹದಿನಾಲ್ಕು, ಅದೂ ಸಕ್ಕರೆಯಿಲ್ಲದ್ದು. ಹೊಸ ಕಣ್ಣಿಗೂ ಹೊಟ್ಟೆಗೂ ಏನೋ ಸಂಬಂಧವಿರಬೇಕೆಂದು ಪೇಟೆಯವರು ಮಾತಾಡಿಕೊಂಡರು. ಇತ್ತ ಕುಂಞಿಪಾತುಮ್ಮನೂ ಒಂದು ಶರತ್ತು ಹಾಕಿದರು. "ನೀವು ಹೀಗೆ ಗಳಿಗೆಗೊಮ್ಮೆ ಬಂದ್ರೆ ನನ್ನ ಅಡಿಗೆ ಮುಗಿಯುದು ಯಾವಾಗ? ನಾನು ಅಡಿಕೆ ನೋಡುವಷ್ಟು ಹೊತ್ತು ನೀವು ಈ ಈರುಳ್ಳಿ ಸುಲೀರಿ. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು." ಹೀಗೆ ಸವಣೂರು ಪೇಟೆಯ ಅಂತಿಮ ತೀರ್ಪುಗಾರರು ದಿನಕ್ಕೆ ಹತ್ತು ಸಲ ಅಡಿಗೆಮನೆಯ ಮೆಟ್ಟಿಲಲ್ಲಿ ಕೂತು, ಹೊಸ ಕಣ್ಣುಗಳಿಂದ ನೀರು ಸುರಿಸುತ್ತ ಈರುಳ್ಳಿ ಸುಲಿಯುವಂತಾಯಿತು.

ಮುಂದಿನ ಸೋಮವಾರ ತೀರ್ಥರಾಮ ಗೌಡರು ಕೈ ತೊಳೆಯಲು ನಳ್ಳಿ ಹುಡುಕುತ್ತ ಹಿತ್ತಿಲ ಕಡೆಗೆ ಬಂದುಬಿಟ್ಟರು. ಕುಂಞಿಪಾತುಮ್ಮ ಗೆರಸೆಯಲ್ಲಿ ಅಡಿಕೆ ಹರಡಿಕೊಂಡು "ಹೊಸದು, ಹೊಸದು, ಹಳೇದು" ಎನ್ನುತ್ತಿದ್ದರು. ಎದುರಿಗೆ ಮೂಸಕುಂಞಿ ಕಣ್ಣೀರು ಹಾಕುತ್ತ ಅದನ್ನು ಬಾಯಿಪಾಠ ಮಾಡುತ್ತಿದ್ದರು.

ಗೌಡರು ಎಷ್ಟೋ ಹೊತ್ತು ನಿಂತು ನೋಡಿದರು. "ಮೂಸಾಕ, ಚಾ ಅಂದ್ರೆ ಇದಾ?"

ಮೂಸಕುಂಞಿ ಈರುಳ್ಳಿ ಕೆಳಗಿಟ್ಟರು.

"ಪಾತುಮ್ಮಕ್ಕ, ನಾಳೆಯಿಂದ ನಾನು ಜೀಪು ಈ ಬದಿಗೇ ತರ್ತೇನೆ" ಎಂದರು ಗೌಡರು.

ಪ್ರಾಮಾಣಿಕ ಮನುಷ್ಯನಾದ್ದರಿಂದ ಗೌಡರು ಸುದ್ದಿಯನ್ನು ತನ್ನಲ್ಲೇ ಇಟ್ಟುಕೊಳ್ಳಲಿಲ್ಲ. ವಾರದೊಳಗೆ ಜೀಪುಗಳೆಲ್ಲ ಹಿಂದಿನ ಅಂಗಳಕ್ಕೆ ತಿರುಗಿದವು. ಸಾಬಿತ್ ತಕ್ಕಡಿಯನ್ನು ಹಿಂದಿನ ಜಗಲಿಗೆ ಸಾಗಿಸಿದ. ಕುಂಞಿಪಾತುಮ್ಮನಿಗೆ ಒಂದು ಕುರ್ಚಿ ಬಂತು. ಮುಂದಿನ ಬಾಗಿಲಿನ ಕುರ್ಚಿಯಲ್ಲಿ ಮೂಸಕುಂಞಿಯವರು ಒಬ್ಬರೇ ಕೂತು ಮೂರು ದಿನ ಬಸ್ಸು ನೋಡಿದರು. ನಾಲ್ಕನೆಯ ದಿನ ಬೆಳಿಗ್ಗೆ ಕಡಬದಿಂದ ಬರುವ ಬಸ್ಸಿನ ಬೋರ್ಡನ್ನು ತಿರುವಿನಲ್ಲೇ ಓದಿ, ಅದನ್ನೇ ಹತ್ತಿ ಪುತ್ತೂರಿಗೆ ಹೋಗಿ, ಡಾಕ್ಟ್ರಮ್ಮನ ಚೀಟಿ ತೋರಿಸಿ ಓದುವ ಕನ್ನಡಕ ಮಾಡಿಸಿಕೊಂಡು ಬಂದರು.

ಕನ್ನಡಕ ಮೂಗಿಗೇರಿಸಿಕೊಂಡು ಅವರು ಹಿಂದಿನ ಜಗಲಿಗೆ ಬಂದಾಗ ಅಲ್ಲಿ ಎಂಟು ಜನ ಇದ್ದರು. ಹೊಸ ಗೋಣಿಯೊಂದನ್ನು ಆಗಷ್ಟೇ ಬಿಚ್ಚಿದ್ದರು. ಯಾರ ಅಪ್ಪಣೆಗೂ ಕಾಯದೆ ಮೂಸಕುಂಞಿ ಮುಂದೆ ಬಂದು, ಒಂದು ಹಿಡಿ ತೆಗೆದು, ಅಂಗೈ ಮೇಲೆ ಹರಡಿದರು. ಅಡಿಕೆಯ ಒಂದೊಂದು ಗೆರೆಯೂ ಕಂಡಿತು. ಬಿಳಿಯದ್ದು ಬಿಳಿ, ತಿರುಗಿದ್ದು ತಿರುಗಿದ ಹಾಗೆ. ನಲವತ್ತು ವರ್ಷದ ವಿದ್ಯೆ ಎಲ್ಲಿಗೂ ಹೋಗಿರಲಿಲ್ಲ.

"ಹೊಸದು" ಎಂದರು ಅವರು, ಹಳೆಯ ಗತ್ತಿನಲ್ಲಿ. "ಒಂದೂ ಕಲಸಿಲ್ಲ."

ಎಂಟು ಜನವೂ ಕುಂಞಿಪಾತುಮ್ಮನ ಕಡೆ ತಿರುಗಿದರು. ಸಾಬಿತ್ ತಿರುಗಿದ. ತಕ್ಕಡಿಗೆ ಗೋಣಿ ಎತ್ತಲು ನಿಂತವನು ಅರ್ಧ ಎತ್ತಿದ್ದನ್ನು ಕೆಳಗಿಟ್ಟು ತಿರುಗಿದ.

ಕುಂಞಿಪಾತುಮ್ಮ ಗಂಡನ ಅಂಗೈಯಿಂದ ಒಂದನ್ನು ತೆಗೆದುಕೊಂಡರು. ಮಗುಚಿ ನೋಡಿದರು. ಇನ್ನೊಂದನ್ನು ತೆಗೆದುಕೊಂಡರು. ಅವಸರವೇನೂ ಇರಲಿಲ್ಲ.

"ಹೌದು" ಎಂದರು ಕೊನೆಗೆ. "ಅವರು ಹೇಳಿದ್ದು ಸರಿ ಉಂಟು."

ಗೋಣಿ ತಕ್ಕಡಿಗೆ ಏರಿತು. ಮೂಸಕುಂಞಿಯವರಿಗೆ ಪರೀಕ್ಷೆಯಲ್ಲಿ ಪಾಸಾದ ಮಗುವಿಗಾಗುವಷ್ಟು ಸಂತೋಷವಾಯಿತು. ಎಂಟು ಜನರ ಮುಖವನ್ನೂ ಒಂದೊಂದಾಗಿ ನೋಡಿ ನಕ್ಕರು, ಸಾಬಿತ್‌ನ ಬೆನ್ನು ತಟ್ಟಿದರು, ಹೆಂಡತಿಯ ಪಕ್ಕದಲ್ಲಿ ಒಂದು ಸ್ಟೂಲು ಎಳೆದುಕೊಂಡು ಕೂತರು. ಇದರಲ್ಲಿ ಸಂತೋಷಪಡುವಂಥದ್ದು ಏನಿತ್ತು ಎಂಬ ಪ್ರಶ್ನೆ ಅವರಿಗೆ ಹೊಳೆಯುವಷ್ಟರಲ್ಲಿ ಇನ್ನೂ ಮೂರು ಗೋಣಿ ಬಿಚ್ಚಿಯಾಗಿತ್ತು. ಮೂರರಲ್ಲೂ ಅವರು ಹೇಳಿದ್ದು ಸರಿಯಾಗಿತ್ತು.